ಯಾರಿಗೆ ಹೇಳುವುದು

ಉಡುಪಿಯಿಂದ ಮಣಿಪಾಲಕ್ಕೆ ಏರುವ ಬಸ್ಸು ಇಂದ್ರಾಳಿಯ ಹತ್ತಿರ ನಿಂತುಬಿಟ್ಟಾಗ ರಾಮಲಿಂಗ ತೊಡೆಯ ಮೇಲಿದ್ದ ಚೀಲದೊಳಗೆ ಕೈ ಹಾಕಿ ಸಿಹಿಯ ಪೊಟ್ಟಣವನ್ನು ಮುಟ್ಟಿ ನೋಡಿದ. ಇತ್ತು. ಪಕ್ಕದಲ್ಲಿ ಇವತ್ತು ಓದಬೇಕಾದ ಪ್ರಬಂಧವೂ ಇತ್ತು. ತುಪ್ಪದ ಜಿಡ್ಡು ತಾಗದಿರಲೆಂದು ಹೆಂಡತಿ ಸವಿತಾ ನಡುವೆ ಹಳೆಯ ಪತ್ರಿಕೆಯೊಂದನ್ನು ಮಡಿಸಿ ಇಟ್ಟಿದ್ದಳು. ಸಮಾಜವಿಜ್ಞಾನಗಳಲ್ಲಿ ಧರ್ಮದ ವ್ಯಾಖ್ಯೆ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುತ್ತ, ಬಿಡುವಿನಲ್ಲಿ ಪಿಎಚ್.ಡಿ. ಬರೆಯುತ್ತ ಅವನು ಎಷ್ಟೋ ವರ್ಷಗಳಿಂದ ಈ ಮೊದಲ ಅಧ್ಯಾಯದಲ್ಲೇ ಸಿಕ್ಕಿಕೊಂಡಿದ್ದ. ಬೆಳಿಗ್ಗೆ ಅವ್ವ ಬಾಗಿಲಿಗೆ ಅಡ್ಡ ನಿಂತು, "ಯಪ್ಪಾ, ಮಂಗಳವಾರ ಕಾಪುದ ಮಾರಿಗುಡಿಗೆ ಹೋಗಬೇಕು. ಸವಿತಾನ ಸಲುವಾಗಿ ಹರಕಿ ಹೊತ್ತೀನಿ ನಾ. ಸೀರಿ ತಂದಿಟ್ಟೀನಿ. ನೀನೂ ಬಾ" ಎಂದಿದ್ದಳು. "ನೀ ಹೋಗಿ ಬಾರವ್ವಾ, ನಂಗ ಕೆಲಸ ಐತಿ" ಎಂದಿದ್ದ ಅವನು ಚಪ್ಪಲಿ ಹುಡುಕುತ್ತ. "ಹೆಂಡ್ತಿ ನಿನ್ನಾಕಿ ಅಲ್ಲೇನು? ಧರ್ಮ ಅಂದ್ರ ಏನಂತ ಅಷ್ಟೊಂದು ಬರ್ಯಾಕತ್ತೀಯಲ್ಲ, ಇನ್ನೂ ಮುಗೀಲಿಲ್ಲೇನು?" ಲಕ್ಕವ್ವನ ದನಿಯಲ್ಲಿ ಕುಹಕವಿರಲಿಲ್ಲ. ಅಡುಗೆ ಮುಗಿಯಿತೇ ಎಂದು ಕೇಳಿದ ಹಾಗೆ ಕೇಳಿದ್ದಳು. ಅದಕ್ಕೇ ಅದು ಬಸ್ಸು ಹತ್ತಿದ ಮೇಲೂ ಅವನ ಜೊತೆಗೆ ಬಂದಿತ್ತು. ಸಿಹಿಯ ಪೊಟ್ಟಣ ಯಾರಿಗೆಂದು ಅವ್ವನಿಗೆ ಹೇಳಿರಲಿಲ್ಲ. ಸವಿತಾಳಿಗೂ ಹೇಳಿರಲಿಲ್ಲ. ಪ್ರಬಂಧ ಓದಿ ಮುಗಿಸಿ ಅಲ್ಲಿಂದಲೇ ಕಾರ್ಕಳದ ಬಸ್ಸು ಹತ್ತುವುದೆಂದು ನಿನ್ನೆ ಸಂಜೆ ನಿಶ್ಚಯಿಸಿದ್ದ. ಅಂಥ ನಿಶ್ಚಯವನ್ನು ಅವನು ಹೋದ ವಾರವೂ ಮಾಡಿದ್ದ, ಅದರ ಹಿಂದಿನ ವಾರವೂ ಮಾಡಿದ್ದ, ಪ್ರತಿ ಸಲವೂ ಯಾವುದೋ ಕೆಲಸ ತಾನಾಗಿ ಹುಟ್ಟಿ ಅವನನ್ನು ಪಾರುಮಾಡಿತ್ತು.

ಸಭಾಕೋಣೆಯಲ್ಲಿ ಎಲ್ಲ ಕುರ್ಚಿಗಳೂ ತುಂಬಿರಲಿಲ್ಲ. ಮುಂದಿನ ಸಾಲಿನಲ್ಲಿ ಅವನ ಮಾರ್ಗದರ್ಶಕರಾದ ಮ್ಯಾಥ್ಯೂ ಸರ್ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಕೇಳುವಾಗ ಅವರು ಹಾಗೆಯೇ ಕೂರುವುದು. ರಾಮಲಿಂಗ ಓದಿದ. ಕಾಣದ ಶಕ್ತಿಗಳಲ್ಲಿ ಇಡುವ ನಂಬಿಕೆಯೇ ಧರ್ಮ ಎಂದವರುಂಟು; ಹಾಗೆಂದರೆ ಸೃಷ್ಟಿಕರ್ತನನ್ನೇ ಒಪ್ಪದೆ ಬಸದಿ ಕಟ್ಟಿದವರನ್ನು ಎಲ್ಲಿಡಬೇಕೆಂಬ ಪ್ರಶ್ನೆ ಬರುತ್ತದೆ. ನಂಬಿಕೆಯನ್ನು ಬಿಟ್ಟು ಅದು ಮಾಡುವ ಕೆಲಸವನ್ನು ನೋಡಿ, ಜನರನ್ನು ಒಂದಾಗಿ ಕಟ್ಟುವುದು, ಸಂಕಟಕ್ಕೆ ಅರ್ಥ ಕೊಡುವುದು, ಭಯವನ್ನು ತಾಳುವಂತೆ ಮಾಡುವುದು ಎಂದವರುಂಟು. ಹಾಗಾದರೆ ಕ್ರಿಕೆಟ್ಟೂ ರಾಜಕೀಯ ಪಕ್ಷವೂ ಧರ್ಮವಾಗಿಬಿಡುತ್ತವೆ. ಒಂದೇ ಮನೆಯವರ ಮುಖಗಳಲ್ಲಿ ಒಬ್ಬರ ಮೂಗು ಇನ್ನೊಬ್ಬರ ಹುಬ್ಬು ಹೋಲುವಂತೆ ಇವೆಲ್ಲ ಒಂದನ್ನೊಂದು ಹೋಲುತ್ತವೆ ಅಷ್ಟೆ, ಗೆರೆ ಎಳೆಯಲು ಹೋಗಬೇಡಿ ಎಂದವರೂ ಉಂಟು. ತಾನು ಕಾಪುವಿನಲ್ಲಿ ಮಾಡಿದ ಕ್ಷೇತ್ರಕಾರ್ಯದ ಬಗ್ಗೆಯೂ ಹೇಳಿದ. ಬಾಗಲಕೋಟೆ, ಗದಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಇಲ್ಲಿಯ ಮಾರಿಯನ್ನು ತಮ್ಮೂರಿನ ದ್ಯಾಮವ್ವನೆಂದೇ ತಿಳಿದು ಉಡಿ ತುಂಬುವುದನ್ನು ವಿವರಿಸುವಾಗ, ಅವರಲ್ಲಿ ತನ್ನ ತಂದೆ ಗಾರೆ ಕೆಲಸದ ಈಶಪ್ಪನೂ ಒಬ್ಬನಾಗಿದ್ದ ಎಂದು ಹೇಳಲಿಲ್ಲ. 'ಅವರು' ಎಂದ. ಓದುವಾಗ ಆ ಶಬ್ದ ಬಂದಲ್ಲೆಲ್ಲ ನಾಲಗೆ ಸ್ವಲ್ಪ ತಡವರಿಸುತ್ತಿತ್ತು.

ಮುಗಿದ ಮೇಲೆ ವನೆಸ್ಸಾ ಎಂಬ ಸಂಶೋಧನ ವಿದ್ಯಾರ್ಥಿನಿ ಎದ್ದು ನಿಂತಳು. "ಸರ್, ಒಂದು ಸಣ್ಣ ಡೌಟು. ಭಯ ಹೇಳಿದ್ರಿ, ಸಂಕಟ ಹೇಳಿದ್ರಿ, ಜನ ಒಟ್ಟಾಗುವುದು ಹೇಳಿದ್ರಿ. ಆದ್ರೆ ಕಾಪುವಿನಲ್ಲಿ ನೀವು ಮಾತಾಡಿಸಿದವರು ಹೆಚ್ಚಿನವರೂ ಎಲ್ಲ ಸರಿಯಾದ ಮೇಲೆ ಬಂದವರಲ್ವಾ? ಹರಕೆ ತೀರಿಸ್ಲಿಕ್ಕೆ. ಭಯ ಎಲ್ಲಿ ಉಂಟು ಅವರಿಗೆ? ಖುಷಿಯಲ್ಲಿ ಬಂದಿದ್ದಾರೆ. ಈ ವ್ಯಾಖ್ಯೆಗಳಲ್ಲಿ ಉಪಕಾರ ಹೇಳುವುದು ಎಲ್ಲಿ ಬರ್ತದೆ ಸರ್?" ಇದಕ್ಕೆ ಉತ್ತರವಿತ್ತು. ಕೊಡುವುದು, ಪಡೆಯುವುದು, ತಿರುಗಿ ಕೊಡುವುದು, ಅದರ ಬಗ್ಗೆ ಒಂದು ದೊಡ್ಡ ಚರ್ಚೆಯೇ ಇದೆ, ಅವನು ಅದನ್ನು ಬಿ.ಎ. ತರಗತಿಗೆ ಎಷ್ಟೋ ಸಲ ಹೇಳಿದ್ದಾನೆ. ಬಾಯಿ ತೆರೆದ. ಉತ್ತರದ ಬದಲು ಕೈಯಲ್ಲಿದ್ದ ಹಾಳೆಗಳನ್ನು ತಿರುವಿದ, ತಿರುಗಿ ಮೊದಲ ಹಾಳೆಗೇ ಬಂದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಣ್ಣಲ್ಲಿ ನೀರು ತುಂಬಿಕೊಂಡಿರುವುದು ಗೊತ್ತಾದಾಗ ರಾಮಲಿಂಗ ಕನ್ನಡಕ ತೆಗೆದು, ಪ್ರೊಜೆಕ್ಟರಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ಸುಳ್ಳು ಹೇಳಿದ. "ಒಳ್ಳೇ ಪ್ರಶ್ನೆ" ಎಂದ. ಆಮೇಲೆ ಮತ್ತೆ "ಒಳ್ಳೇ ಪ್ರಶ್ನೆ" ಎಂದ. ಮ್ಯಾಥ್ಯೂ ಸರ್ ಕಣ್ಣು ತೆರೆದು, "ಊಟದ ಹೊತ್ತಾಯಿತಲ್ಲ" ಎಂದರು.

ಅವನಿಗೆ ತಿಂಗಳ ಹಿಂದೆ ನಿಂತಿದ್ದ ಆಸ್ಪತ್ರೆಯ ಮೊಗಸಾಲೆ ನೆನಪಾಗಿತ್ತು. ಈ ಸಭಾಕೋಣೆಯಿಂದ ನಡೆದು ಹೋಗಬಹುದಾದಷ್ಟು ಹತ್ತಿರ. ಮಗು ಹುಟ್ಟಿದೆ, ಹೆಣ್ಣು ಎಂದು ನಗುತ್ತ ಹೇಳಿ ಹೋಗಿದ್ದ ನರ್ಸು ಸ್ವಲ್ಪ ಹೊತ್ತಿನಲ್ಲೇ ನಗದೆ ಓಡಿಬಂದಿದ್ದಳು. ಸವಿತಾಳಿಗೆ ರಕ್ತ ನಿಲ್ಲುತ್ತಿರಲಿಲ್ಲ. ಅವಳದು ಓ ನೆಗೆಟಿವ್. ಇದ್ದದ್ದನ್ನೆಲ್ಲ ಕೊಡುತ್ತಿದ್ದೇವೆ, ಇನ್ನೂ ಬೇಕಾಗಬಹುದು, ಯಾರಾದರೂ ಸಿಗುತ್ತಾರಾ ನೋಡಿ ಎಂದರು. ಅವನು ನೋಡಿದ. ಮೆಟ್ಟಿಲು ಹತ್ತಿ, ಇಳಿದು, ಬೆಂಚುಗಳ ಮೇಲೆ ಕೂತ ಅಪರಿಚಿತರ ಮುಂದೆ ಬಗ್ಗಿ, "ನಿಮ್ಮದು ಯಾವ ಗ್ರೂಪು?" ಎಂದು ಕೇಳಿದ. ಕಾಪುವಿನಲ್ಲಿ ಪ್ರಶ್ನಾವಳಿ ಹಿಡಿದು "ನಿಮ್ಮದು ಯಾವ ಧರ್ಮ?" ಎಂದು ಕೇಳುತ್ತ ತಿರುಗಿದ ಕಾಲುಗಳೇ ಅವು. ಆಗ ಜನ ಎದ್ದು ನಿಂತು ಉತ್ತರ ಕೊಡುತ್ತಿದ್ದರು. ಈಗ ಕೆಲವರು ಕೈ ಆಡಿಸಿದರು, ಒಬ್ಬರು ಎದ್ದು ಬೇರೆ ಕಡೆ ಹೋಗಿ ಕೂತರು. ಒಂದು ವಾರ್ಡಿನ ಬಾಗಿಲಲ್ಲಿ ನಿಂತು, ಹಾಸಿಗೆಯ ಪಕ್ಕ ಕೂತಿದ್ದ ನಡುವಯಸ್ಸಿನ ಹೆಂಗಸನ್ನು ಕೇಳಿದ. ಆಕೆ ಹೌದು ಎಂದಳು. ಹೌದು ಎಂದವಳು ಏಳಲಿಲ್ಲ, ಹಾಸಿಗೆಯ ಕಡೆ ನೋಡಿದಳು. ಹಾಸಿಗೆಯಲ್ಲಿದ್ದ ಮುದುಕಿ ಕೊಂಕಣಿಯಲ್ಲಿ ಏನೋ ಅಂದು, ಜಪಮಣಿ ಸುತ್ತಿಕೊಂಡಿದ್ದ ಕೈಯನ್ನು ಎತ್ತಿ ಬೀಸಿದಳು. ತನ್ನನ್ನೇ ಆಚೆ ಹೋಗು ಎನ್ನುತ್ತಿದ್ದಾಳೆಂದು ರಾಮಲಿಂಗ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಆದರೆ ಆ ಹೆಂಗಸು ಎದ್ದು ಅವನ ಜೊತೆ ಬಂದಳು. ರಕ್ತ ಕೊಟ್ಟು ಹೊರಗೆ ಬಂದವಳು ಅವನ ಮುಖ ನೋಡಿ, "ನೀವು ಬೆಳಿಗ್ಗೆಯಿಂದ ಎಂತ ತಿನ್ಲಿಲ್ಲ ಅಲ್ವಾ?" ಎಂದು ತನ್ನ ಪ್ಲಾಸ್ಟಿಕ್ ಕವರನ್ನೇ ಕೊಟ್ಟುಬಿಟ್ಟಳು; ಒಳಗೆ ಬನ್ನು, ಬಾಳೆಹಣ್ಣು. ಕವರಿನ ಮೇಲೆ 'ಎಸ್ತರ್ ಟೈಲರ್ಸ್, ಕಾರ್ಕಳ' ಎಂದಿತ್ತು. ಅವನು ಧನ್ಯವಾದ ಎನ್ನುವಷ್ಟರಲ್ಲಿ ಯಾರೋ ಅವನ ಹೆಸರು ಕೂಗಿದರು, ಅವನು ಓಡಿದ. ಸವಿತಾ ಉಳಿದಳು. ಓಡುತ್ತ ಓಡುತ್ತ ತಾನು ಗಟ್ಟಿಯಾಗಿ ಬೇಡ, ಬೇಡ, ಕರಕೊಂಡು ಹೋಗಬೇಡ ಎನ್ನುತ್ತಿದ್ದದ್ದು ಅವನಿಗೆ ನೆನಪಿತ್ತು. ಯಾರಿಗೆ ಹೇಳಿದೆ? ಅಷ್ಟು ಸಲಿಗೆಯಿಂದ, ಏಕವಚನದಲ್ಲಿ? ಆ ದಿನದ ನಂತರ ಅವನು ಮೊದಲ ಅಧ್ಯಾಯದಲ್ಲಿ ಒಂದು ಸಾಲೂ ಬರೆದಿರಲಿಲ್ಲ.

ಊಟದ ಹೊತ್ತಿಗೆ ಮ್ಯಾಥ್ಯೂ ಸರ್ ತಟ್ಟೆ ಹಿಡಿದು ಅವನ ಪಕ್ಕ ಬಂದು ನಿಂತರು. "ಮಗು ಹೇಗುಂಟು? ತಾಯಿ?" ಎಂದರು. ಚೆನ್ನಾಗಿದ್ದಾರೆ ಸರ್ ಎಂದ. "ವ್ಯಾಖ್ಯೆಯನ್ನು ಕೊನೆಗೆ ಬರೀರಿ ರಾಮಲಿಂಗ. ಎಲ್ಲ ನೋಡಿ ಆದ ಮೇಲೆ. ಮೊದಲೇ ಬರೀಬೇಕು ಅಂತ ಯಾರು ಹೇಳಿದ್ದು ನಿಮಗೆ?" ಎಂದರು. ನೀವೇ ಹೇಳಿದ್ದು ಎಂದು ಅವನು ಹೇಳಲಿಲ್ಲ. ಸರ್ ಅವನ ತಟ್ಟೆಗೆ ತಮ್ಮ ಹಪ್ಪಳವನ್ನು ಹಾಕಿ ಹೋದರು. ಆ ಹಪ್ಪಳ ನೋಡಿಯೂ ಅವನಿಗೆ ಅಳು ಬರುವ ಹಾಗಾಯಿತು. ಈಚೆಗೆ ಹೀಗೆಯೇ. ಆಟೋದವನು ಚಿಲ್ಲರೆ ಸರಿಯಾಗಿ ಕೊಟ್ಟರೆ, ಕಾಲೇಜಿನ ಜವಾನ ಮಳೆಯ ಹನಿ ಬಿದ್ದಾಗ ಅವನ ಕೊಡೆಯನ್ನು ತಂದುಕೊಟ್ಟರೆ, ಎದೆಯೊಳಗೆ ಏನೋ ಒಡೆದು ಹರಿಯುತ್ತದೆ, ಅದಕ್ಕೆ ಹೋಗಲು ಒಂದು ದಾರಿ ಇರುವುದಿಲ್ಲ.

ಕಾರ್ಕಳದ ಬಸ್ಸು ಹಿರಿಯಡ್ಕ ದಾಟಿ ಬೈಲೂರಿನ ತಿರುವುಗಳಲ್ಲಿ ವಾಲುತ್ತ ಹೋಗುವಾಗ ಅವನು ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ನಿಮ್ಮ ಉಪಕಾರವನ್ನು ಮರೆಯುವಂತಿಲ್ಲ. ಇದು ಸನ್ಮಾನ ಸಮಾರಂಭದ ಮಾತು. ನೀವು ದೇವರ ಹಾಗೆ ಬಂದಿರಿ. ಇದು ತಾನು ಹೇಳಲಾರದ ಮಾತು, ಹೇಳಿದರೆ ಆಕೆಗೆ ಮೋಸ. ಆಕೆ ಖಂಡಿತ, ನನ್ನದೇನಿಲ್ಲ, ದೇವರು ಮಾಡಿಸಿದ್ದು ಎನ್ನುತ್ತಾಳೆ. ಆಗ ತಾನು ತಲೆಯಾಡಿಸಬೇಕಾಗುತ್ತದೆ. ಆ ತಲೆಯಾಡಿಸುವುದಕ್ಕೆ ಹೆದರಿಯೇ ತಾನು ಇಷ್ಟು ವಾರ ತಪ್ಪಿಸಿಕೊಂಡಿದ್ದು ಎಂಬುದು ಅವನಿಗೆ ಹೊಳೆದು ನಾಚಿಕೆಯಾಯಿತು. ಹೆಂಡತಿಯ ಜೀವಕ್ಕಿಂತ ತನ್ನ ತಲೆ ಎಷ್ಟು ಡಿಗ್ರಿ ಬಾಗುತ್ತದೆಂಬುದು ದೊಡ್ಡದಾಯಿತೇ?

ಎಸ್ತರ್ ಟೈಲರ್ಸ್ ಮಾರುಕಟ್ಟೆಯ ರಸ್ತೆಯಲ್ಲಿ ಒಂದು ಬಾಗಿಲಿನ ಅಂಗಡಿ. ಆಕೆ ಒಬ್ಬಳೇ ಕೂತು ಶಾಲೆಯ ನೀಲಿ ಯೂನಿಫಾರ್ಮು ಹೊಲಿಯುತ್ತಿದ್ದಳು. ತಲೆ ಎತ್ತಿ, ಅಳತೆ ಕೊಡಲು ಬಂದವನೆಂದು ತಿಳಿದು, "ಈ ವಾರ ಆಗ್ಲಿಕ್ಕಿಲ್ಲ ಮಾರಾಯ್ರೆ" ಎಂದಳು. ರಾಮಲಿಂಗ ಹೆಸರು ಹೇಳಿದ, ಆಸ್ಪತ್ರೆ ಎಂದ, ಓ ನೆಗೆಟಿವ್ ಎಂದ. ಜೋಡಿಸಿಕೊಂಡಿದ್ದ ವಾಕ್ಯಗಳೆಲ್ಲ ಎಲ್ಲಿಗೋ ಹೋಗಿ, ಸಿಹಿಯ ಪೊಟ್ಟಣವನ್ನು ಹೊಲಿಗೆಯ ಬಟ್ಟೆಯ ಮೇಲೆಯೇ ಇಟ್ಟುಬಿಟ್ಟ. ಯಂತ್ರ ನಿಂತಿತು. ಆಕೆಯ ಬಾಯಿಂದ ಮೊದಲು ಬಂದದ್ದು, "ಹೆಂಡತಿ ಇದ್ದಾರಾ?" ಎಂಬುದು.

"ಇದ್ದಾರೆ. ಚೆನ್ನಾಗಿದ್ದಾರೆ. ಮಗುವೂ."

ಎಸ್ತರ್ ಎರಡು ಕೈಗಳಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ಪ್ರಾರ್ಥಿಸುತ್ತಿದ್ದಾಳೋ ತಿಳಿಯದೆ ಅವನು ನಿಂತೇ ಇದ್ದ. ಆಗಲೇ ಕಪ್ಪು ಅಂಚಿನ ಬಿಳಿ ಸೀರೆ ಉಟ್ಟ ಇನ್ನೊಬ್ಬ ಹೆಂಗಸು ಬಾಗಿಲಿಗೆ ಬಂದಳು. ಎಸ್ತರಳ ತಮ್ಮನ ಹೆಂಡತಿ ಲೊರ್ನಾ. ಅತ್ತಿಗೆಯ ಕಣ್ಣೀರು, ಅಪರಿಚಿತ ಗಂಡಸು, ಸಿಹಿಯ ಪೊಟ್ಟಣ ಎಲ್ಲವನ್ನೂ ಒಂದೇ ನೋಟದಲ್ಲಿ ನೋಡಿ ಕೊಂಕಣಿಯಲ್ಲಿ ಏನೋ ಗದರಿದಳು. ಆಮೇಲೆ ಅವನ ಕಡೆ ತಿರುಗಿ ಕನ್ನಡದಲ್ಲಿ, "ನೀವಾದರೂ ಹೇಳಿ. ಇವತ್ತು ಅತ್ತೆಯ ತಿಂಗಳ ಪೂಜೆ. ಇಗರ್ಜಿಗೆ ಎಲ್ಲರೂ ಬಂದಾಯಿತು. ಇವರು ಇಲ್ಲಿ ಯೂನಿಫಾರ್ಮು ಹೊಲಿತಾರೆ. ಮಗಳೇ ಇಲ್ಲದಿದ್ರೆ ಜನ ಎಂತ ಹೇಳ್ತಾರೆ?" ಎಂದಳು. ಯಾರ ತಿಂಗಳ ಪೂಜೆ ಎಂದು ರಾಮಲಿಂಗನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ಅವನ ಕಣ್ಣು ತುಪ್ಪದ ಜಿಡ್ಡು ಬಿಟ್ಟಿದ್ದ ಪೊಟ್ಟಣದ ಮೇಲೆ ಹೋಯಿತು. ಸಾವಿನ ಮನೆಗೆ ಸಿಹಿ ತಂದಿದ್ದ. ಆ ಹಾಸಿಗೆಯಲ್ಲಿದ್ದವಳು ಹೇಗಿದ್ದಾಳೆಂದು ಕೇಳಬೇಕೆಂದೂ ಅವನಿಗೆ ಹೊಳೆದಿರಲಿಲ್ಲ, ಬಸ್ಸಿನಲ್ಲಿಯೂ ಹೊಳೆದಿರಲಿಲ್ಲ, ಇಡೀ ತಿಂಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

"ನೀನು ಹೋಗು ಲೊರ್ನಾ" ಎಂದಳು ಎಸ್ತರ್, ಅವನಿಗೂ ತಿಳಿಯಲೆಂದೋ ಏನೋ ಕನ್ನಡದಲ್ಲಿಯೇ. ಲೊರ್ನಾ ಹೋದ ಮೇಲೆ ಪೊಟ್ಟಣವನ್ನು ತೆಗೆದು ಮೇಜಿನ ಖಾಲಿ ಜಾಗದಲ್ಲಿ ನೆಟ್ಟಗೆ ಇಟ್ಟಳು. "ಅವತ್ತೇ ಹೋದದ್ದು ಮಾಂಯ್, ನನ್ನ ಅಮ್ಮ. ನಿಮಗೆ ಬನ್ನು ಕೊಟ್ಟು ನಾನು ಮೇಲೆ ಹೋಗುವಾಗ ಪರದೆ ಎಳೆದಾಗಿತ್ತು."

ರಾಮಲಿಂಗ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. "ನಾನು ಕರೆಯದೇ ಇದ್ದಿದ್ದರೆ ನೀವು ಹತ್ತಿರ ಇರುತ್ತಿದ್ದಿರಿ" ಎಂದ.

"ಹೌದು" ಎಂದಳು ಎಸ್ತರ್. ಸಮಾಧಾನ ಹೇಳಲು ಹೋಗಲಿಲ್ಲ. "ಅದನ್ನೇ ದಿನಾ ಯೋಚಿಸ್ತೇನೆ. ನಾನು ಏಳ್ಲಿಲ್ಲ, ನೋಡಿದ್ರಲ್ಲ ನೀವು? ಮಾಂಯ್ ವಚ್, ವಚ್ ಅಂತ ಬೈದದ್ದು. ಹೋಗು ಅಂತ. ನನ್ನ ಮುಖ ನೋಡಿ ಕೂತು ಎಂತ ಮಾಡ್ತೀ, ಅಲ್ಲಿ ಯಾರಿಗೋ ಬೇಕಂತೆ ಅಂತ. ಕೈ ಬೀಸಿದ್ರು."

"ನನಗೆ ಹೋಗು ಅಂದರು ಅಂತ ತಿಳಿದುಕೊಂಡೆ."

ಎಸ್ತರ್ ಅವನನ್ನು ನೋಡಿದಳು. ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. "ಮಾಂಯ್ ಕೇಳಿದ್ರೆ ನಗ್ತಿದ್ರು" ಎಂದಳು. ಮೂಗು ಒರೆಸಿಕೊಂಡಳು. "ನಾನು ಅವತ್ತಿನಿಂದ ಇಗರ್ಜಿಗೆ ಹೋಗ್ಲಿಲ್ಲ. ನನಗೆ ಸಿಟ್ಟುಂಟು ಅವನ ಮೇಲೆ. ಒಂದು ಹತ್ತು ನಿಮಿಷ ತಡ ಮಾಡ್ಲಿಕ್ಕೆ ಆಗ್ತಿರ್ಲಿಲ್ವಾ ಅವನಿಗೆ? ನಿಮ್ಮ ಹೆಂಡತಿ ಉಳಿದ್ರಾ ಇಲ್ವಾ ಅಂತ ಕೇಳ್ಲಿಕ್ಕೂ ಹೋಗ್ಲಿಲ್ಲ. ಇಲ್ಲ ಅಂತ ಹೇಳಿದ್ರೆ ಎಂತ ಮಾಡುವುದು? ಎರಡೂ ಕಡೆ ಹೋಯಿತು ಅಂತ ಆಗ್ತದೆ." ಅವನು ದೇವರ ಬಗ್ಗೆ ಅವಳ ಬಾಯಿಂದ ನಿರೀಕ್ಷಿಸಿದ್ದ ಮಾತಿನಲ್ಲಿ ಒಂದೂ ಬಂದಿರಲಿಲ್ಲ. ತಾನು ಬಸ್ಸಿನಲ್ಲಿ ಹೊಲಿದು ತಂದ ಎಸ್ತರ್ ಬೇರೆಯೇ ಯಾರೋ. ಯಾರದೋ ಅಳತೆಗೆ ಹೊಲಿದದ್ದು. ದೂರದಲ್ಲಿ ಗಂಟೆ ಕೇಳಿಸಿತು. ಎಸ್ತರ್ ನೂಲು ಕತ್ತರಿಸಿ, ಯೂನಿಫಾರ್ಮನ್ನು ಮಡಿಸಿ, ಎದ್ದು ನಿಂತು, ಮತ್ತೆ ಕೂತಳು. "ಒಬ್ಬಳೇ ಹೋಗ್ಲಿಕ್ಕೆ ಧೈರ್ಯ ಇಲ್ಲ ನನಗೆ. ಎಲ್ಲರೂ ನೋಡ್ತಾರೆ. ನೀವು ಬರ್ತೀರಾ?"

"ನಾನು ನಂಬುವವನಲ್ಲ" ಎಂದ ರಾಮಲಿಂಗ. ಹೇಳಲೇಬೇಕೆಂದು ಅನ್ನಿಸಿತು.

"ನಂಬ್ಲಿಕ್ಕೆ ಯಾರು ಹೇಳಿದ್ದು ನಿಮಗೆ? ಬನ್ನಿ ಅಂತ ಹೇಳಿದ್ದು."

ಇಗರ್ಜಿಯಲ್ಲಿ ಅವರು ಕೊನೆಯ ಬೆಂಚಿನಲ್ಲಿ ನಿಂತರು. ಲೊರ್ನಾ ಮುಂದಿನಿಂದ ಒಮ್ಮೆ ತಿರುಗಿ ನೋಡಿದಳು. ಎಲ್ಲರೂ ಏಳುವಾಗ ಅವನು ಕೂತಿರುತ್ತಿದ್ದ, ಕೂರುವಾಗ ನಿಂತಿರುತ್ತಿದ್ದ. ಆಮೇಲೆ ಎಸ್ತರಳ ಮೊಣಕೈಯನ್ನು ನೋಡಿ ಕಲಿತುಕೊಂಡ. ಅವನೊಳಗಿನ ನೋಡುವ ಕಣ್ಣು ಅಭ್ಯಾಸಬಲದಿಂದ ಎಲ್ಲವನ್ನೂ ಬೇರೆ ಬೇರೆ ಮಾಡಿ ಇಡುತ್ತಲೇ ಇತ್ತು: ಇದು ಸಂಕೇತ, ಇದು ಸಮುದಾಯ, ಇದು ಸಾವನ್ನು ತಾಳಿಕೊಳ್ಳುವ ರೀತಿ. ಯಾವುದೂ ಸುಳ್ಳಾಗಿರಲಿಲ್ಲ. ಪಾದ್ರಿಗಳು ಕೊಂಕಣಿಯಲ್ಲಿ ಓದುತ್ತ ಓದುತ್ತ ಒಂದು ಕಡೆ 'ಆಂಜೆಲಾ' ಎಂದರು. ಪಕ್ಕದಲ್ಲಿ ಎಸ್ತರ್ ನಡುಗಿದ್ದು ಬೆಂಚಿನ ಮರದಲ್ಲಿ ಅವನಿಗೆ ತಿಳಿಯಿತು. ಅವತ್ತು ಹಾಸಿಗೆಯಿಂದ ಬೀಸಿದ ಆ ಕೈಗೆ ಒಂದು ಹೆಸರಿತ್ತು. ಹೆಸರು ಕೇಳಿದ್ದೇ ಆ ನೋಡುವ ಕಣ್ಣು ಬೇರ್ಪಡಿಸುವುದನ್ನು ಬಿಟ್ಟಿತು, ಅಥವಾ ಅದಕ್ಕೆ ಬೇರ್ಪಡಿಸಲು ಏನೂ ಉಳಿಯಲಿಲ್ಲ. ತಿಂಗಳಿಡೀ ದಾರಿ ಸಿಗದೆ ತಿರುಗುತ್ತಿದ್ದದ್ದು ಸದ್ದಿಲ್ಲದೆ ಆ ಕಡೆಗೆ ಹರಿಯಿತು. ಅವನು ತಲೆ ಬಾಗಿಸಿದ್ದ. ಎಷ್ಟು ಬಾಗಿತ್ತೆಂದು ನೋಡಿಕೊಳ್ಳಲಿಲ್ಲ.

ಪೂಜೆ ಮುಗಿದು ಮನೆಯವರೆಲ್ಲ ಹಿಂದೆ ಸಮಾಧಿಗಳಿರುವ ಸಿಮಿತ್ರಿಗೆ ಹೋದರು. ಮಣ್ಣಿನ ದಿಬ್ಬ ಇನ್ನೂ ಹಸಿಯಾಗಿತ್ತು, ಮರದ ಶಿಲುಬೆಗೆ ಸೇವಂತಿಗೆ ಹಾಕಿದ್ದರು. ಉಳಿದವರು ಮೇಣದಬತ್ತಿ ಹಚ್ಚಿ ಹೊರಟ ಮೇಲೆ ಎಸ್ತರ್ ಬಗ್ಗಿ ಕೊಂಕಣಿಯಲ್ಲಿ ಬಹಳ ಹೊತ್ತು ಮಾತಾಡಿದಳು, ಒಂದು ಸಲ ಅವನತ್ತ ಕೈ ತೋರಿಸಿದಳು. ರಾಮಲಿಂಗ ಕೇಳಿದ, "ನಿಮ್ಮಲ್ಲಿ ಥ್ಯಾಂಕ್ಸ್ ಅನ್ನುವುದಕ್ಕೆ ಏನು ಹೇಳುತ್ತಾರೆ?"

"ದೇವ್ ಬರೆಂ ಕರುಂ. ದೇವರು ಒಳ್ಳೆದು ಮಾಡ್ಲಿ ಅಂತ. ಬೇರೆ ಶಬ್ದ ಇಲ್ಲ ನಮಗೆ" ಎಂದಳು ಎಸ್ತರ್. "ಸಿಟ್ಟು ಬಂದಾಗ ಕಷ್ಟ. ಬಸ್ಸಿನವನಿಗೆ ಥ್ಯಾಂಕ್ಸ್ ಹೇಳ್ಬೇಕಾದ್ರೂ ಅವನನ್ನೇ ಕರೀಬೇಕು."

"ನಾನು ಹೇಳಬಹುದಾ?"

"ಹೇಳಿ. ಮಾಂಯ್‌ಗೆ ಕಿವಿ ಸ್ವಲ್ಪ ಮಂದ. ಜೋರಾಗಿ ಹೇಳಿ."

ಅವನು ಜೋರಾಗಿ ಹೇಳಿದ. ಉಚ್ಚಾರ ತಪ್ಪಾಯಿತು, ಎಸ್ತರ್ ತಿದ್ದಿದಳು, ಅವನು ಮತ್ತೆ ಹೇಳಿದ. ಯಾರಿಗೆ ಹೇಳಿದ್ದೆಂದು ಕೇಳಿದರೆ ಆಂಜೆಲಾ ಅವರಿಗೆ ಎಂದು ಹೇಳಬಲ್ಲವನಾಗಿದ್ದ. ಆ ಮಾತಿನೊಳಗೆ ಕೂತಿದ್ದ ಇನ್ನೊಬ್ಬನಿಗೂ ಅದು ತಲುಪಿದ್ದರೆ ತನ್ನ ಅಡ್ಡಿಯಿಲ್ಲ ಎಂದುಕೊಂಡಾಗ ಅವನಿಗೆ ಎಷ್ಟೋ ದಿನಗಳ ಮೇಲೆ ಹಗುರವೆನಿಸಿತು. ಮಂಗಳವಾರ ಅವ್ವನ ಜೊತೆ ಕಾಪುವಿಗೆ ಹೋಗುತ್ತೇನೆ ಎಂದೂ ಅಂದುಕೊಂಡ, ಟಿಪ್ಪಣಿ ಮಾಡಿಕೊಳ್ಳುವುದಕ್ಕಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಬಂದ ಎಸ್ತರ್ ಉಡುಪಿಯ ಬಸ್ಸು ಹೊರಡುವ ಹೊತ್ತಿಗೆ, "ನಿಲ್ಲಿ, ನಾನೂ ಬರ್ತೇನೆ. ನೋಡದೆ ನಿದ್ರೆ ಬರ್ಲಿಕ್ಕಿಲ್ಲ" ಎಂದು ಹತ್ತಿಯೇಬಿಟ್ಟಳು. ದಾರಿಯುದ್ದಕ್ಕೂ ಅವಳು ಆಂಜೆಲಾ ಮಾಡುತ್ತಿದ್ದ ಮೀನಿನ ಸಾರಿನ ಬಗ್ಗೆ, ಗಲ್ಫಿನಲ್ಲಿರುವ ತಮ್ಮನ ಬಗ್ಗೆ, ಮಾಂಯ್ ಪಾದ್ರಿಗಳನ್ನೂ ಬೈಯುತ್ತಿದ್ದ ಬಗ್ಗೆ ಹೇಳಿದಳು. ಅವನು ಕೇಳಿಸಿಕೊಂಡ. ಅವನ ಮನೆಯಿದ್ದ ಅಂಬಲಪಾಡಿಯಲ್ಲಿ ಇಳಿದಾಗ ಆಕಾಶದಲ್ಲಿ ಇನ್ನೂ ಬೆಳಕಿತ್ತು.

ಲಕ್ಕವ್ವ ಬಾಗಿಲು ತೆರೆದು, ಹೊಸಬರನ್ನು ಕಂಡು ಸೆರಗು ಸರಿಮಾಡಿಕೊಂಡು ಸರಿದು ನಿಂತಳು. ಸವಿತಾ ಮಂಚದ ಮೇಲೆ ಕೂತು ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಎಸ್ತರ್ ತೊಟ್ಟಿಲಿನ ಕಡೆ ನೋಡಲಿಲ್ಲ. ನೆಟ್ಟಗೆ ಹೋಗಿ ಮಂಚದ ಅಂಚಿನಲ್ಲಿ ಕೂತು, "ಕೈ ಕೊಡಿ" ಎಂದಳು. ಸವಿತಾ ಒಮ್ಮೆ ಗಂಡನ ಮುಖ ನೋಡಿ, ಏನೂ ಕೇಳದೆ ಕೈ ಚಾಚಿದಳು. ಎಸ್ತರ್ ಅದನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಮಣಿಕಟ್ಟಿನಲ್ಲಿ ನಾಡಿ ಬಡಿಯುವಲ್ಲಿ ಹೆಬ್ಬೆರಳು ಒತ್ತಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೂತಳು. "ಬೆಚ್ಚಗುಂಟು" ಎಂದಳು. ಸವಿತಾಳಿಗೆ ಏನು ತಿಳಿಯಿತೋ, ಇನ್ನೊಂದು ಕೈಯನ್ನೂ ಅದರ ಮೇಲೆ ಇಟ್ಟಳು. ಆಮೇಲೆ ಮೆಲ್ಲಗೆ, "ಇವ್ರು ಯಾರಂತ ಹೇಳ್ಲಿಲ್ಲಲ್ರಿ?" ಎಂದಳು.

"ಎಸ್ತರ್ ಅವರು" ಎಂದ ರಾಮಲಿಂಗ. "ಆಂಜೆಲಾ ಅವರ ಮಗಳು."

ಆಂಜೆಲಾ ಯಾರು ಎಂದು ಸವಿತಾ ಕೇಳಿದಳು. ಲಕ್ಕವ್ವನೂ ಹತ್ತಿರ ಬಂದಳು. ಮೊದಲಿನಿಂದ ಹೇಳಬೇಕಾಗಿತ್ತು. ರಾಮಲಿಂಗ ಮಂಚದ ಪಕ್ಕ ನೆಲದ ಮೇಲೆ ಕೂತುಕೊಂಡು ಹೇಳತೊಡಗಿದ.